ಮೂವತ್ತೆರಡರ ಮಗ್ಗಿ ಬಾರದಿದ್ದರೆ ಭಾಗಿಸುವುದು ಹೇಗೆ?

12,960ನ್ನು 32ರಿಂದ ಭಾಗಿಸಬೇಕಾಗಿದೆ. ಪೆನ್ನು ಹಿಡಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರಿಸಿ. ಬರಲಿರುವ ಭಾಗಲಬ್ಧದಲ್ಲಿ ಎಷ್ಟು ಅಂಕಿಗಳಿರುತ್ತವೆ? ಎರಡೇ, ಮೂರೇ, ನಾಲ್ಕೇ?

ನಿಮಗೆ ಉತ್ತರ ತಟ್ಟನೆ ಹೊಳೆದಿದ್ದರೆ ಸಂತೋಷ. ಹೊಳೆಯದಿದ್ದರೆ ಬೇಸರ ಬೇಡ. ನನ್ನ ಪದವಿ ತರಗತಿಯ ವಿದ್ಯಾರ್ಥಿಗಳಲ್ಲಿಯೂ ಹಲವರಿಗೆ ಹೊಳೆಯುವುದಿಲ್ಲ. ಭಾಗಾಕಾರದ ಹಂತಗಳನ್ನು ನಾವೆಲ್ಲ ಕಲಿತಿದ್ದೇವೆ. ಹಂತಗಳನ್ನು ಆರಂಭಿಸುವ ಮೊದಲು ಉತ್ತರದ ಗಾತ್ರವನ್ನು ಅಂದಾಜು ಮಾಡುವುದನ್ನು ಮಾತ್ರ ನಮಗೆ ಯಾರೂ ಕಲಿಸಲಿಲ್ಲ.

ಮೇಲಿನ ಸಂಖ್ಯೆಗಳು ಪಠ್ಯಪುಸ್ತಕದವಲ್ಲ. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ನನ್ನ ತಮ್ಮನ ಮನೆಯಿದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಈ ತಾಲ್ಲೂಕಿಗೆ ಬಂದ ಮೇಲೆ ಹತ್ತಿ, ತೊಗರಿ, ಜೋಳದ ಹೊಲಗಳ ನಡುವೆ ನೆಲ್ಲಿನ ಗದ್ದೆಗಳೂ ಕಾಣತೊಡಗಿದವು. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತಾರೆ; ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ಒಂದು ಶ್ರಾವಣದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅಂಥ ಒಂದು ಗುಂಪಿನ ಹಿರಿಯ ಹೆಂಗಸು ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತಳು. ಮೂರು ಎಕರೆ, ಎಕರೆಗೆ 4,500 ರೂಪಾಯಿ, ಒಟ್ಟು 13,500. ಅದರಲ್ಲಿ ಟಂಟಂ ಬಾಡಿಗೆ 540 ಕಳೆದರೆ ಉಳಿಯುವುದು 12,960. ಗುಂಪಿನಲ್ಲಿ 32 ಜನ. ತಲೆಗೆ ಎಷ್ಟು?

ಐದನೆಯ ತರಗತಿಯಲ್ಲಿ ಓದುವ ತಮ್ಮನ ಮಗಳು ಪಾಟಿ ತಂದಳು. ಸ್ವಲ್ಪ ಹೊತ್ತು ಬರೆದು, ಅಳಿಸಿ, ಕೊನೆಗೆ ನನ್ನ ಮುಖ ನೋಡಿದಳು. “ದೊಡ್ಡಪ್ಪ, ಮೂವತ್ತೆರಡರ ಮಗ್ಗಿ ನಮಗ ಬರಂಗಿಲ್ಲ. ಇಪ್ಪತ್ತರ ತನಕ ಅಷ್ಟ.” ಆದರೂ ಪಟ್ಟು ಬಿಡದೆ 32ನ್ನು ಮತ್ತೆ ಮತ್ತೆ ಕೂಡಿಸಿಕೊಂಡು ಲೆಕ್ಕ ಮುಗಿಸಿದಳು. ಬಂದ ಉತ್ತರ 45.

ಹಿರಿಯಳು ನಕ್ಕಳು. “ದಿನಾ ಪೂರ್ತಿ ನಡಾ ಬಗ್ಗಿಸಿ ನಾಟಿ ಹಚ್ಚಿದ್ದಕ್ಕ ನಲವತ್ತೈದೇನವ್ವ? ಮೊದಲ ನಾನೂರು ನಾನೂರು ಹಂಚು. ಉಳಿದದ್ದು ಆಮ್ಯಾಲ ನೋಡೋಣು.”

ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆಕೆ ಹೇಳಿದ ದಾರಿ ಹಿಡಿದರೆ ಏನಾಗುತ್ತದೆ ನೋಡಿ. 32 ಜನರಿಗೆ ನಾನೂರರಂತೆ 12,800. ಉಳಿದದ್ದು 160. ಅದರಲ್ಲಿ ಐದೈದು ರೂಪಾಯಿ ಕೊಟ್ಟರೆ ಸರಿಯಾಗಿ ಮುಗಿಯಿತು. ತಲೆಗೆ 405.

ಹುಡುಗಿಯ 45ಕ್ಕೂ ನಿಜವಾದ 405ಕ್ಕೂ ನಡುವೆ ಬಿಟ್ಟುಹೋದದ್ದು ಒಂದೇ ಒಂದು ಸೊನ್ನೆ. ಆಕೆಯ ಗುಣಾಕಾರ ಸರಿಯಿತ್ತು, ವ್ಯವಕಲನ ಸರಿಯಿತ್ತು. ತಪ್ಪಿದ್ದು ಎಲ್ಲಿ?

ಸೊನ್ನೆ ಎಲ್ಲಿ ಕಳೆದುಹೋಯಿತು?

ನಾವು ತರಗತಿಯಲ್ಲಿ ಹೇಳಿಕೊಡುವ ಮಾತುಗಳನ್ನೇ ಗಮನಿಸಿ. “1ರಲ್ಲಿ 32 ಹೋಗುವುದಿಲ್ಲ. 12ರಲ್ಲಿ ಹೋಗುವುದಿಲ್ಲ. 129ರಲ್ಲಿ 4 ಸಲ ಹೋಗುತ್ತದೆ. ನಾಲ್ಕು ಮೂವತ್ತೆರಡಲೆ 128. ಕಳೆದರೆ 1. ಮುಂದಿನ 6ನ್ನು ಕೆಳಗೆ ಇಳಿಸಿಕೊಳ್ಳಿ. 16ರಲ್ಲಿ 32 ಹೋಗುವುದಿಲ್ಲ. ಮುಂದಿನ 0ಯನ್ನು ಇಳಿಸಿಕೊಳ್ಳಿ. 160ರಲ್ಲಿ 5 ಸಲ.” ಈ ಮಾತುಗಳನ್ನು ಕೇಳಿದ ಮಗು 4 ಬರೆಯಿತು, ಆಮೇಲೆ 5 ಬರೆಯಿತು. ಉತ್ತರ 45. ‘ಹೋಗುವುದಿಲ್ಲ’ ಎಂದಾಗ ಭಾಗಲಬ್ಧದಲ್ಲಿ ಏನಾದರೂ ಬರೆಯಬೇಕು ಎಂದು ಆ ಮಾತಿನಲ್ಲಿ ಎಲ್ಲಿದೆ? ಮೊದಲು 1ರಲ್ಲಿ ಹೋಗಲಿಲ್ಲ, 12ರಲ್ಲಿ ಹೋಗಲಿಲ್ಲ, ಆಗ ಏನೂ ಬರೆಯಲಿಲ್ಲವಲ್ಲ! ನಡುವೆ ಬಂದ ‘ಹೋಗುವುದಿಲ್ಲ’ಕ್ಕೆ ಮಾತ್ರ ಸೊನ್ನೆ ಏಕೆ ಎಂದು ಮಗು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ವಾಸ್ತವವಾಗಿ ಆ 129 ಎಂಬುದು 129 ಅಲ್ಲ. ಅದು 129 ನೂರುಗಳು. 32 ಜನರಿಗೆ ನೂರರ ನೋಟುಗಳನ್ನು ಹಂಚುತ್ತಿದ್ದೇವೆ. ತಲೆಗೆ ನಾಲ್ಕು ನೋಟು ಬಂದು ಒಂದು ನೋಟು ಉಳಿಯಿತು. ಅದನ್ನು ಮುರಿಸಿದರೆ ಹತ್ತರ ಹತ್ತು ನೋಟು. ಮೊದಲೇ ಇದ್ದ ಆರು ಸೇರಿ ಹದಿನಾರು. ಹದಿನಾರು ನೋಟನ್ನು 32 ಜನರಿಗೆ ಹಂಚಲಾಗದು. ಆದುದರಿಂದ ಹತ್ತರ ನೋಟು ಯಾರಿಗೂ ಇಲ್ಲ. ಅದೇ ಆ ಸೊನ್ನೆ. ಮತ್ತೆ ಮುರಿಸಿದರೆ 160 ಬಿಡಿ ರೂಪಾಯಿ, ತಲೆಗೆ ಐದು. ‘ಕೆಳಗೆ ಇಳಿಸುವುದು’ ಎಂದರೆ ನೋಟು ಮುರಿಸುವುದು ಎಂದು ತಿಳಿದ ಮಗುವಿಗೆ ಈ ಸೊನ್ನೆ ತಪ್ಪಿಹೋಗುವ ಸಂಭವ ಕಡಿಮೆ. ಆರಂಭದ 1 ಮತ್ತು 12ಕ್ಕೆ ಏಕೆ ಏನೂ ಬರೆಯಲಿಲ್ಲ? ಹತ್ತು ಸಾವಿರವಾಗಲಿ, ಸಾವಿರವಾಗಲಿ ಯಾರಿಗೂ ಸಿಕ್ಕಿಲ್ಲ. ಅಲ್ಲಿಯೂ ಸೊನ್ನೆಯೇ ಇದೆ. 00405 ಎಂದು ಬರೆದರೂ ತಪ್ಪೇನಿಲ್ಲ, ಎಡಗಡೆಯ ಸೊನ್ನೆಗಳನ್ನು ಬರೆಯುವ ರೂಢಿ ನಮಗಿಲ್ಲ ಅಷ್ಟೆ.

ಇನ್ನೊಂದು ಉಪಾಯ ಇದಕ್ಕಿಂತ ಸರಳವಾದದ್ದು. ಲೇಖನದ ಮೊದಲಲ್ಲಿ ಕೇಳಿದ ಪ್ರಶ್ನೆಯೇ ಆ ಉಪಾಯ. 32ರ ನೂರರಷ್ಟು 3,200. ಸಾವಿರದಷ್ಟು 32,000. ನಮ್ಮ 12,960 ಇವೆರಡರ ನಡುವೆ ಬೀಳುತ್ತದೆ. ಆದ್ದರಿಂದ ಉತ್ತರ ನೂರಕ್ಕೆ ಮೇಲೆ, ಸಾವಿರಕ್ಕೆ ಕೆಳಗೆ. ಅಂದರೆ ಮೂರು ಅಂಕಿಗಳು. ಲೆಕ್ಕ ಆರಂಭಿಸುವ ಮೊದಲೇ ಭಾಗಲಬ್ಧದ ಜಾಗದಲ್ಲಿ ಮೂರು ಅಡ್ಡಗೆರೆ ಎಳೆದಿಡಿ. ಲೆಕ್ಕ ಮುಗಿದಾಗ ಒಂದು ಗೆರೆ ಖಾಲಿ ಉಳಿದರೆ ಏನೋ ಬಿಟ್ಟುಹೋಗಿದೆ ಎಂದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಯಾರೂ ಕೆಂಪು ಶಾಯಿಯಲ್ಲಿ ಗೀಟು ಹಾಕಬೇಕಾಗಿಲ್ಲ.

ನನ್ನ ವಿಷಯ ಭೌತಶಾಸ್ತ್ರ. ಪ್ರಾಥಮಿಕ ಶಾಲೆಯ ಗಣಿತದಲ್ಲಿ ನಾನೇಕೆ ತಲೆಹಾಕುತ್ತಿದ್ದೇನೆ ಎಂದು ನೀವು ಕೇಳಬಹುದು. ಸರಳ ಲೋಲಕದ ಪ್ರಯೋಗ ಮಾಡಿ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿದ ವಿದ್ಯಾರ್ಥಿ 98 ಎಂದೋ 0.98 ಎಂದೋ ಬರೆದು, ನಿಶ್ಚಿಂತೆಯಿಂದ ಸಹಿಗಾಗಿ ಪುಸ್ತಕ ಮುಂದೊಡ್ಡುವುದನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಕೈಯಲ್ಲಿ ಕ್ಯಾಲ್‌ಕ್ಯುಲೇಟರ್ ಇರುತ್ತದೆ. ಒತ್ತಿದ ಗುಂಡಿ ತಪ್ಪಿದೆ ಎಂದು ಹೇಳುವ ಅಂದಾಜು ತಲೆಯಲ್ಲಿ ಇರುವುದಿಲ್ಲ. ಆ ಅಂದಾಜಿನ ಮೊದಲ ಪಾಠ ಐದನೆಯ ತರಗತಿಯ ಈ ಭಾಗಾಕಾರವೇ ಎಂಬುದು ನನ್ನ ಅಭಿಪ್ರಾಯ.

ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ ಅಂಕಗಣಿತದ ಅತ್ಯಂತ ಮೇಲಿನ ಮೆಟ್ಟಿಲು ಎಂದರೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯ ಸಂಖ್ಯೆಯಿಂದ ಭಾಗಿಸುವುದು. 2024ರ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಅದನ್ನು ಮಾಡಬಲ್ಲವರು ಶೇ. 30.7. ಎರಡಂಕಿಯ ಭಾಜಕ ಆ ಮೆಟ್ಟಿಲಿಗಿಂತ ಮೇಲಿನದು. ಅಲ್ಲಿ ಅಳೆಯುವುದೇ ಇಲ್ಲ.

ಊಹೆ ಎಷ್ಟು ತಪ್ಪಬಹುದು?

ಭಾಜಕ ಒಂದಂಕಿಯದಾದರೆ ಮಗ್ಗಿ ನೆರವಿಗೆ ಬರುತ್ತದೆ. ಎರಡಂಕಿಯದಾದ ಕೂಡಲೇ ಮಗ್ಗಿ ಕೈಬಿಡುತ್ತದೆ, ಊಹಿಸಬೇಕಾಗುತ್ತದೆ. ಗಣಿತದಲ್ಲಿ ಊಹೆಯೆ ಎಂದು ಮಕ್ಕಳು ಮಾತ್ರವಲ್ಲ, ಶಿಕ್ಷಕರೂ ಕಸಿವಿಸಿಗೊಳ್ಳುವುದುಂಟು. ಊಹೆ ಮೊದಲ ಸಲವೇ ಸರಿಯಾಗಬೇಕು ಎಂಬ ನಿರೀಕ್ಷೆಯೇ ತೊಂದರೆಯ ಮೂಲ. ಊಹಿಸಿ, ಗುಣಿಸಿ, ನೋಡಿ, ತಿದ್ದುವುದೇ ಈ ಕ್ರಮದ ಸ್ವಭಾವ.

ಸಾಮಾನ್ಯವಾಗಿ ನಾವು ಊಹಿಸುವ ಬಗೆ ಹೀಗೆ: ಭಾಜಕದ ಮೊದಲ ಅಂಕಿಯನ್ನು ಮಾತ್ರ ನೋಡುತ್ತೇವೆ. 129ನ್ನು 32ರಿಂದ ಭಾಗಿಸುವಾಗ 12ರಲ್ಲಿ 3 ನಾಲ್ಕು ಸಲ ಎನ್ನುತ್ತೇವೆ. ಊಹೆ ಸರಿಬಿತ್ತು. ಈಗ 168ನ್ನು 28ರಿಂದ ಭಾಗಿಸಿ. 16ರಲ್ಲಿ 2 ಎಂಟು ಸಲ. ಆದರೆ 28ರ ಎಂಟರಷ್ಟು 224. ಏಳರಷ್ಟು 196, ಅದೂ ಹೆಚ್ಚು. ಆರರಷ್ಟು 168. ಊಹೆ ಎರಡರಷ್ಟು ತಪ್ಪಿತು. 90ನ್ನು 19ರಿಂದ ಭಾಗಿಸಿ ನೋಡಿ: 9ರಲ್ಲಿ 1 ಒಂಬತ್ತು ಸಲ, ನಿಜವಾದ ಉತ್ತರ 4. ಐದರಷ್ಟು ತಪ್ಪು! ನಾವೇನೋ 19 ಚಿಕ್ಕದು, 82 ದೊಡ್ಡದು, ಆದ್ದರಿಂದ 19 ಸುಲಭ ಎಂದುಕೊಳ್ಳುತ್ತೇವೆ. ಊಹೆಯ ಮಟ್ಟಿಗೆ 82ರಂಥ ಸಾಧು ಭಾಜಕ ಇನ್ನೊಂದಿಲ್ಲ. 18, 19, 27, 28, 29 ಇವೇ ತಂಟೆಕೋರರು. ಮಕ್ಕಳು ಇಪ್ಪತ್ತರವರೆಗೆ ಮಗ್ಗಿ ಉರುಹೊಡೆಯುವುದರಿಂದ 18, 19 ಹೇಗೋ ದಾಟುತ್ತವೆ. 27ರಿಂದ ಆಚೆಗೆ ನಿಜವಾದ ಪರೀಕ್ಷೆ.

ಹಾಗಾದರೆ ಊಹೆ ಎಷ್ಟು ತಪ್ಪಬಹುದು ಎಂಬುದಕ್ಕೆ ಮಿತಿಯಿದೆಯೇ? ಇದೆ. ಭಾಜಕದ ಮೊದಲ ಅಂಕಿ 5 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಊಹೆ ಎಂದಿಗೂ ಕಡಿಮೆಯಾಗುವುದಿಲ್ಲ, ಮತ್ತು ಹೆಚ್ಚಾದರೂ 2ಕ್ಕಿಂತ ಹೆಚ್ಚಾಗುವುದಿಲ್ಲ. ಇದಕ್ಕೆ ಕಾರಣವನ್ನು ವಿಜ್ಞಾನದ ವಿದ್ಯಾರ್ಥಿಗಳು ಹೀಗೆ ನೋಡಬಹುದು. ಭಾಜಕದ ಹತ್ತರ ಸ್ಥಾನದ ಅಂಕಿಯನ್ನು ಮಾತ್ರ ಇಟ್ಟುಕೊಂಡಾಗ ಭಾಜಕ ಹೆಚ್ಚೆಂದರೆ 9ರಷ್ಟು ಕಡಿಮೆಯಾಗುತ್ತದೆ. ಉಳಿದ ಭಾಗ 50 ಅಥವಾ ಅದಕ್ಕಿಂತ ಹೆಚ್ಚು. ಹಾಗಾಗಿ ಭಾಗಲಬ್ಧ ತನ್ನ ಐವತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಉಬ್ಬಲಾರದು. ಒಂದು ಹಂತದಲ್ಲಿ ಬರುವ ಭಾಗಲಬ್ಧ 10ಕ್ಕಿಂತ ಕಡಿಮೆ. ಆದ್ದರಿಂದ ಉಬ್ಬು 1.8ಕ್ಕಿಂತ ಕಡಿಮೆ. ನಿಜವಾದ ಉತ್ತರದಲ್ಲಿ ನಾವು ಭಿನ್ನಭಾಗವನ್ನು ಬಿಟ್ಟುಬಿಡುವುದರಿಂದ ಇನ್ನೊಂದು 1ಕ್ಕಿಂತ ಕಡಿಮೆ ವ್ಯತ್ಯಾಸ ಸೇರಬಹುದು. ಎರಡೂ ಸೇರಿ 2.8ರೊಳಗೆ. ವ್ಯತ್ಯಾಸ ಪೂರ್ಣಾಂಕವಾಗಿರಲೇಬೇಕಾದ್ದರಿಂದ ಅದು 0, 1 ಅಥವಾ 2. ಎರಡರಷ್ಟು ತಪ್ಪುವುದೂ ಉಂಟು: 450ನ್ನು 59ರಿಂದ ಭಾಗಿಸಿ. ಊಹೆ 9, ಉತ್ತರ 7.

ಭಾಜಕದಲ್ಲಿ ಎಷ್ಟೇ ಅಂಕಿಗಳಿದ್ದರೂ ಈ ಮಾತು ನಿಲ್ಲುತ್ತದೆ. ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ 1969ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಎರಡನೆಯ ಸಂಪುಟದಲ್ಲಿ ಇದನ್ನು ಪ್ರಮೇಯವಾಗಿಯೇ ಸಾಧಿಸಿದ್ದಾರೆ. ಏಕೆಂದರೆ ತುಂಬಾ ದೊಡ್ಡ ಸಂಖ್ಯೆಗಳನ್ನು ಭಾಗಿಸುವಾಗ ಕಂಪ್ಯೂಟರ್ ಕೂಡ ಮಾಡುವುದು ಐದನೆಯ ತರಗತಿಯ ಈ ಕೆಲಸವನ್ನೇ: ಮೊದಲ ಅಂಕಿ ನೋಡಿ ಊಹಿಸು, ಗುಣಿಸು, ಹೆಚ್ಚಾದರೆ ಒಂದು ಇಳಿಸು.

ಭಾಜಕದ ಮೊದಲ ಅಂಕಿ 5ಕ್ಕಿಂತ ಕಡಿಮೆಯಿದ್ದರೆ? ಭಾಜ್ಯ, ಭಾಜಕ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿಬಿಡಿ. ಭಾಗಲಬ್ಧ ಬದಲಾಗುವುದಿಲ್ಲ. 168 ಮತ್ತು 28ನ್ನು ದ್ವಿಗುಣ ಮಾಡಿದರೆ 336 ಮತ್ತು 56. 33ರಲ್ಲಿ 5 ಆರು ಸಲ. ಒಂದೇ ಏಟಿಗೆ ಸರಿಯುತ್ತರ. ತಂಟೆಕೋರ 19ನ್ನು ಐದರಿಂದ ಗುಣಿಸಿದರೆ 95. ಭಾಜ್ಯ 90 ಹೋಗಿ 450 ಆಗುತ್ತದೆ. 45ರಲ್ಲಿ 9 ಐದು ಸಲ. ನಿಜವಾದದ್ದು 4. ಐದರಷ್ಟು ಇದ್ದ ತಪ್ಪು ಒಂದಕ್ಕೆ ಇಳಿಯಿತು. ಒಂದೇ ಎಚ್ಚರಿಕೆ: ಹೀಗೆ ಮಾಡಿದಾಗ ಶೇಷವೂ ಐದು ಪಟ್ಟು ಆಗಿರುತ್ತದೆ. 450ರಲ್ಲಿ 380 ಕಳೆದರೆ 70. ಅದನ್ನು ಐದರಿಂದ ಭಾಗಿಸಿದ 14 ನಿಜವಾದ ಶೇಷ.

ಮಕ್ಕಳಿಗೆ ಇಷ್ಟೆಲ್ಲ ಬೇಕಿಲ್ಲ. ಅವರಿಗೆ ನಾನು ಹೇಳುವುದು ಇನ್ನೊಂದು ಮಾತು. ಭಾಜಕದ ಎರಡನೆಯ ಅಂಕಿ ದೊಡ್ಡದಿದ್ದರೆ ಅದನ್ನು ಮುಂದಿನ ಹತ್ತಕ್ಕೆ ಏರಿಸಿ ಊಹಿಸಿ. 28ನ್ನು 30 ಎನ್ನಿ. 16ರಲ್ಲಿ 3 ಐದು ಸಲ. 28ರ ಐದರಷ್ಟು 140, ಉಳಿದದ್ದು 28. ಶೇಷ ಭಾಜಕದಷ್ಟೇ ಇದೆಯಲ್ಲ! ಹಾಗಾದರೆ ಇನ್ನೂ ಒಂದು ಸಲ ಹಂಚಬಹುದು. ಐದಕ್ಕೆ ಒಂದು ಸೇರಿಸಿ ಆರು. ಇಲ್ಲಿ ಗಮನಿಸಬೇಕಾದದ್ದು ತಪ್ಪಿನ ದಿಕ್ಕು. ಊಹೆ ಹೆಚ್ಚಾದರೆ ಕಳೆಯಲಾಗದು, ಬರೆದದ್ದನ್ನು ಅಳಿಸಬೇಕು. ಊಹೆ ಕಡಿಮೆಯಾದರೆ ಏನನ್ನೂ ಅಳಿಸಬೇಕಾಗಿಲ್ಲ. ಉಳಿದದ್ದನ್ನು ಮತ್ತೊಮ್ಮೆ ಹಂಚಿದರಾಯಿತು. ಜಾಲಹಳ್ಳಿಯ ಆ ಹಿರಿಯಳು ಮೊದಲು ನಾನೂರು, ಆಮೇಲೆ ಉಳಿದದ್ದು ಎಂದದ್ದು ಇದನ್ನೇ. ಅಂಜುವ ಮಗುವಿಗೆ ಕಡಿಮೆ ಊಹೆಯ ದಾರಿ ಹೇಳಿಕೊಡಿ.

ಮಗ್ಗಿ ಬಾರದ ಭಾಜಕಕ್ಕೆ ಪೂರ್ತಿ ಮಗ್ಗಿ ಬರೆದುಕೊಳ್ಳುವ ಅಗತ್ಯವೂ ಇಲ್ಲ. ಪಾಟಿಯ ಮೂಲೆಯಲ್ಲಿ ನಾಲ್ಕೇ ಸಾಲು ಸಾಕು: ಒಂದರಷ್ಟು, ಎರಡರಷ್ಟು, ಐದರಷ್ಟು, ಹತ್ತರಷ್ಟು. ಹತ್ತರಷ್ಟು ಬರೆಯಲು ಸೊನ್ನೆ ಹಚ್ಚಿದರಾಯಿತು. ಐದರಷ್ಟು ಅದರ ಅರ್ಧ. ಮೂರಂಕಿಯ ಭಾಜಕಕ್ಕೂ ಇದು ಒಗ್ಗುತ್ತದೆ. ಒಂದು ಮನೆಯಲ್ಲಿ ವರ್ಷಕ್ಕೆ 78,475 ಲೀಟರ್ ನೀರು ಬಳಸಿದರು ಎನ್ನೋಣ. ದಿನಕ್ಕೆ ಎಷ್ಟು? 365ರ ನಾಲ್ಕು ಸಾಲುಗಳು: 365, 730, 1,825, 3,650. ಎರಡರಷ್ಟು 730 ಆದ್ದರಿಂದ ಇನ್ನೂರರಷ್ಟು 73,000. ಕಳೆದರೆ 5,475. ಹತ್ತರಷ್ಟು 3,650 ಕಳೆದರೆ 1,825. ಅದು ಸರಿಯಾಗಿ ಐದರಷ್ಟು. 200, 10, 5. ಒಟ್ಟು 215 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ಲೆಕ್ಕ ಹಿಡಿದದ್ದು ತಲೆಗೆ ದಿನಕ್ಕೆ 55 ಲೀಟರ್, ಅಂದರೆ ನಾಲ್ವರ ಮನೆಗೆ 220. ಉತ್ತರ ಬಂದ ಮೇಲೆ ಹೀಗೆ ಯಾವುದಾದರೂ ಗೊತ್ತಿರುವ ಸಂಖ್ಯೆಯ ಪಕ್ಕ ಇಟ್ಟು ನೋಡುವ ಅಭ್ಯಾಸ ಒಳ್ಳೆಯದು.

ಪಾಟಿಯ ಮೇಲಿನ ಲೆಕ್ಕ

ನಮ್ಮ ಕಡೆ ಸ್ಲೇಟಿಗೆ ಪಾಟಿ ಎನ್ನುತ್ತಾರೆ. ಮಕ್ಕಳ ಶಾಲೆಯ ಚೀಲ ಪಾಟಿಚೀಲ. ಹಲಗೆ ಎಂಬ ಅರ್ಥದ ‘ಪಾಟೀ’ ಶಬ್ದದಿಂದಲೇ ಅಂಕಗಣಿತಕ್ಕೆ ಹಿಂದೆ ‘ಪಾಟೀಗಣಿತ’ ಎಂಬ ಹೆಸರು ಬಂದಿತ್ತು. ಹಲಗೆಯ ಮೇಲೆ ಅಥವಾ ಹರವಿದ ಧೂಳಿನ ಮೇಲೆ ಬರೆದು ಲೆಕ್ಕ ಮಾಡುತ್ತಿದ್ದುದರಿಂದ ‘ಧೂಳೀಕರ್ಮ’ ಎಂದೂ ಕರೆಯುತ್ತಿದ್ದರು. ಭಾಜ್ಯದ ಕೆಳಗೆ ಭಾಜಕವನ್ನಿಟ್ಟು, ಗುಣಿಸಿ ಕಳೆದಂತೆಲ್ಲ ಹಳೆಯ ಅಂಕಿಗಳನ್ನು ಒರೆಸಿ ಆ ಜಾಗದಲ್ಲಿ ಉಳಿದದ್ದನ್ನು ಬರೆಯುವುದು, ಭಾಜಕವನ್ನು ಒಂದೊಂದೇ ಸ್ಥಾನ ಬಲಕ್ಕೆ ಸರಿಸುವುದು, ಇದು ಆಗಿನ ಕ್ರಮ. ಊಹೆ ತಪ್ಪಿದರೆ ಬೆರಳಿನಿಂದ ಒರೆಸಿದರಾಯಿತು. ತಪ್ಪಿನ ಬೆಲೆ ಬಹಳ ಅಗ್ಗ.

ಈ ವಿದ್ಯೆ ಬೆಳೆದ ಸ್ಥಳಗಳಲ್ಲಿ ಒಂದು ಜಾಲಹಳ್ಳಿಗೆ ತೀರ ದೂರದ್ದಲ್ಲ. ಕೃಷ್ಣೆ, ಭೀಮೆಗಳನ್ನು ದಾಟಿ ಉತ್ತರಕ್ಕೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕು. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಅದರ ಎಂಟು ಪರಿಕರ್ಮಗಳಲ್ಲಿ ಮೊದಲನೆಯದು ಗುಣಾಕಾರ, ಎರಡನೆಯದು ಭಾಗಾಕಾರ. ಭಾಜ್ಯವನ್ನು ಇಟ್ಟು ಅದರ ಕೆಳಗಿನ ಭಾಜಕದಿಂದ ಭಾಗಿಸುವಾಗ, ಎರಡರಲ್ಲೂ ಸಮಾನವಾಗಿರುವ ಅಪವರ್ತನವನ್ನು ಮೊದಲೇ ತೆಗೆದುಹಾಕುವಂತೆ ಆತ ಸೂಚಿಸುತ್ತಾನೆ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ಮಹಾವೀರನ ಸೂಚನೆಯನ್ನು ನಮ್ಮ ನಾಟಿಯ ಲೆಕ್ಕಕ್ಕೆ ಅನ್ವಯಿಸಿ ನೋಡಿ. 12,960 ಮತ್ತು 32. ಎರಡನ್ನೂ ಅರ್ಧ ಮಾಡಿ: 6,480 ಮತ್ತು 16. ಮತ್ತೆ ಅರ್ಧ: 3,240 ಮತ್ತು 8. ಮತ್ತೆ: 1,620 ಮತ್ತು 4. ಮತ್ತೆ: 810 ಮತ್ತು 2. ಕೊನೆಗೆ 405. ದೀರ್ಘ ಭಾಗಾಕಾರ ಎಲ್ಲಿ ಹೋಯಿತು? ಕರಗಿಹೋಯಿತು. ಹಿಂದೆ ಊಹೆ ಸರಿಯಾಗಲೆಂದು ಎರಡನ್ನೂ ಗುಣಿಸಿದೆವು, ಇಲ್ಲಿ ಭಾಜಕ ಚಿಕ್ಕದಾಗಲೆಂದು ಎರಡನ್ನೂ ಭಾಗಿಸಿದೆವು, ತತ್ತ್ವ ಒಂದೇ. ಎಲ್ಲ ಭಾಜಕಗಳೂ ಹೀಗೆ ಮಣಿಯುವುದಿಲ್ಲ ನಿಜ. 31 ಜನರಿದ್ದಿದ್ದರೆ ಅರ್ಧ ಮಾಡುವಂತೆಯೇ ಇರಲಿಲ್ಲ. ಆದರೆ ಒಮ್ಮೆ ನೋಡಿಬಿಡುವುದಕ್ಕೆ ಏನೂ ಖರ್ಚಿಲ್ಲ.

ಭಾರತದ ಈ ಧೂಳಿನ ಲೆಕ್ಕ ಅರಬರ ನಾಡಿಗೆ ಹೋಯಿತು. ಕ್ರಿ.ಶ. 952ರಲ್ಲಿ ದಮಾಸ್ಕಸ್‌ನಲ್ಲಿ ಅಲ್-ಉಕ್ಲಿದಿಸಿ ಎಂಬ ಗಣಿತಜ್ಞ, ಒರೆಸುವ ಅಗತ್ಯವಿಲ್ಲದೆ ಕಾಗದ ಮತ್ತು ಶಾಯಿಯಲ್ಲೇ ಇದನ್ನು ಮಾಡುವುದು ಹೇಗೆಂದು ಪುಸ್ತಕ ಬರೆದ. ಯೂರೋಪಿನಲ್ಲಿ ಒರೆಸುವ ಬದಲು ಅಂಕಿಗಳ ಮೇಲೆ ಗೀಟು ಹೊಡೆಯುತ್ತ ಹೋಗುವ ಪದ್ಧತಿ ಬಹುಕಾಲ ಉಳಿದಿತ್ತು. ಮುಗಿದ ಲೆಕ್ಕ ಹಾಯಿ ಕಟ್ಟಿದ ಹಡಗಿನಂತೆ ಕಾಣುತ್ತಿದ್ದುದರಿಂದ ಅದಕ್ಕೆ ಹಡಗಿನ ಹೆಸರೇ ಬಂತು. ನಾವು ಇಂದು ಶಾಲೆಯಲ್ಲಿ ಕಲಿಸುವ, ಗುಣಲಬ್ಧವನ್ನು ಕೆಳಗೆ ಬರೆದು ಕಳೆಯುತ್ತ ಇಳಿಯುವ ರೂಪ ಮೊದಲು ಅಚ್ಚಾದದ್ದು 1491ರಲ್ಲಿ, ಫ್ಲಾರೆನ್ಸ್‌ನ ಫಿಲಿಪ್ಪೊ ಕಲಾಂದ್ರಿಯ ಪುಸ್ತಕದಲ್ಲಿ. ಕಾಗದಕ್ಕೆ ಬಂದದ್ದರಿಂದ ಲೆಕ್ಕದ ಪ್ರತಿ ಹೆಜ್ಜೆಯೂ ಕಣ್ಣಮುಂದೆ ಉಳಿಯಿತು, ಪರೀಕ್ಷಿಸುವುದು ಸುಲಭವಾಯಿತು. ಜೊತೆಗೆ ತಪ್ಪು ಊಹೆಯೂ ಕಣ್ಣಮುಂದೆ ಉಳಿಯಿತು. ಪಾಟಿಯ ಮೇಲೆ ನಾಲ್ಕು ಸಲ ಒರೆಸಿ ಬರೆಯುವ ಮಗು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಊಹಿಸಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣವಿರಬಹುದು. ಎರಡಂಕಿಯ ಭಾಜಕ ಕಲಿಸುವ ಮೊದಲ ವಾರಗಳಲ್ಲಿ ನೋಟ್‌ಬುಕ್ ಬದಿಗಿಟ್ಟು ಪಾಟಿ ಹಿಡಿಸಿ ಎಂದು ನಾನು ಶಿಕ್ಷಕ ಮಿತ್ರರಿಗೆ ಹೇಳುತ್ತಿರುತ್ತೇನೆ.

ಯಂತ್ರವೂ ಊಹಿಸುತ್ತದೆ

ಊಹಿಸಿ ತಿದ್ದುವ ಈ ಕೆಲಸವನ್ನು ಕಂಪ್ಯೂಟರಿನ ಚಿಪ್ಪೂ ಮಾಡುತ್ತದೆ ಎಂಬುದು ಲೋಕಕ್ಕೆಲ್ಲ ತಿಳಿದದ್ದು 1994ರಲ್ಲಿ. ಅಮೆರಿಕದ ವರ್ಜೀನಿಯದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಲೆಕ್ಕ ಮಾಡುತ್ತಿದ್ದಾಗ ಉತ್ತರಗಳು ಹೊಂದಲಿಲ್ಲ. ಹುಡುಕುತ್ತ ಹೋದಾಗ ತಪ್ಪು ಮಾಡುತ್ತಿದ್ದದ್ದು ಇಂಟೆಲ್ ಕಂಪನಿಯ ಹೊಸ ಪೆಂಟಿಯಮ್ ಚಿಪ್ ಎಂದು ತಿಳಿಯಿತು. 41,95,835ನ್ನು 31,45,727ರಿಂದ ಭಾಗಿಸಿದರೆ 1.33382 ಬರಬೇಕು, ಆ ಚಿಪ್ 1.33373 ಎನ್ನುತ್ತಿತ್ತು.

ಚಿಪ್ ಭಾಗಿಸುತ್ತಿದ್ದ ಬಗೆ ನಮಗೆ ಪರಿಚಿತವಾದದ್ದೇ. ಶೇಷದ ಮೊದಲ ಕೆಲವು ಅಂಕಿಗಳು, ಭಾಜಕದ ಮೊದಲ ಕೆಲವು ಅಂಕಿಗಳು, ಇವನ್ನು ನೋಡಿ ಒಂದು ಕೋಷ್ಟಕದಿಂದ ಮುಂದಿನ ಅಂಕಿಯನ್ನು ಆರಿಸುವುದು. ಮಗುವಿಗೆ ಮಗ್ಗಿ ಹೇಗೋ ಚಿಪ್ಪಿಗೆ ಆ ಕೋಷ್ಟಕ ಹಾಗೆ. ಕೋಷ್ಟಕದ ಐದು ಮನೆಗಳಲ್ಲಿ 2 ಇರಬೇಕಾದಲ್ಲಿ 0 ಉಳಿದುಹೋಗಿತ್ತು. ತಪ್ಪು ಉತ್ತರಗಳಿಗೆ ಅದೇ ಕಾರಣ. ಮತ್ತೆ ಸೊನ್ನೆಯೇ! ಕಂಪನಿ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಲು ಒಪ್ಪಿ, ಅದಕ್ಕೆ 47.5 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು.

ಆ ಚಿಪ್ಪಿನ ಕ್ರಮದಲ್ಲಿ ನಮಗೆ ಉಪಯೋಗವಾಗುವ ಒಂದು ಸೊಗಸಾದ ಯುಕ್ತಿಯಿದೆ. ಅದು ಭಾಗಲಬ್ಧದಲ್ಲಿ ಋಣ ಅಂಕಿಗಳನ್ನೂ ಬಳಸುತ್ತದೆ. ಊಹೆ ಹೆಚ್ಚಾದರೆ ಹಿಂದಕ್ಕೆ ಹೋಗಿ ಅಳಿಸುವುದಿಲ್ಲ. ಮುಂದಿನ ಹೆಜ್ಜೆಯಲ್ಲಿ ಕಳೆದುಬಿಡುತ್ತದೆ. ನಾಟಿಯ ಲೆಕ್ಕದಲ್ಲಿ ಯಾರೋ ತಲೆಗೆ 410 ಎಂದರು ಎನ್ನಿ. 32ರ 410ರಷ್ಟು 13,120. ಕೈಯಲ್ಲಿರುವುದಕ್ಕಿಂತ 160 ಹೆಚ್ಚು. ಹಾಗಾದರೆ ಪ್ರತಿಯೊಬ್ಬರಿಂದ ಐದು ರೂಪಾಯಿ ಹಿಂದಕ್ಕೆ ಪಡೆಯಿರಿ: 410ರಲ್ಲಿ 5 ಕಳೆದರೆ 405. ಎಂಟು, ಒಂಬತ್ತನೆಯ ತರಗತಿಯಲ್ಲಿ ಋಣ ಸಂಖ್ಯೆ ಕಲಿತ ಮಕ್ಕಳಿಗೆ ಇದನ್ನು ತೋರಿಸಿದಾಗ ಅವರ ಮುಖ ಅರಳುವುದನ್ನು ನೋಡಿದ್ದೇನೆ.

ಇನ್ನು ಶೇಷದ ವಿಷಯ. ಆ ಸಂಜೆ ತಮ್ಮನ ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. ಗೆರೆ ಎಳೆದಿಡುವುದು, ನೋಟು ಮುರಿಸುವುದು, ಇಷ್ಟನ್ನೇ ಹೇಳಿದೆ. ನಂತರ ಪರೀಕ್ಷೆಗೆಂದು ಇನ್ನೊಂದು ಲೆಕ್ಕ ಕೊಟ್ಟೆ. ಟಂಟಂ ಬಾಡಿಗೆ 540ರ ಬದಲು 500 ಆಗಿದ್ದರೆ? ಹಂಚಬೇಕಾದದ್ದು 13,000. ಅವಳು ಮೊದಲು ಮೂರು ಗೆರೆ ಎಳೆದಳು. ತಲೆಗೆ ನಾನೂರು, 12,800 ಹೋಯಿತು, ಉಳಿದದ್ದು 200. ಹತ್ತರ ನೋಟು ಇಪ್ಪತ್ತು, 32 ಜನರಿಗೆ ಬರುವುದಿಲ್ಲ. ಗೆರೆಯ ಮೇಲೆ ಸೊನ್ನೆ ಬರೆದಳು. ಬಿಡಿ 200ರಲ್ಲಿ 32 ಆರು ಸಲ, 192. ಉತ್ತರ 406, ಶೇಷ 8.

“ಎಂಟು ರೂಪಾಯಿ ಉಳೀತು ದೊಡ್ಡಪ್ಪ. ಅದನ್ನ ಏನ್ ಮಾಡೋದು?”

ದಶಮಾಂಶಕ್ಕೆ ಹೋದರೆ 8ನ್ನು 32ರಿಂದ ಭಾಗಿಸಿ 0.25 ಎನ್ನಬಹುದು, ತಲೆಗೆ ಇಪ್ಪತ್ತೈದು ಪೈಸೆ. ಆದರೆ ನಾಲ್ಕಾಣೆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ನಾನು ಇದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯಳು ಎದ್ದು ಸೀರೆಯ ಸೆರಗು ಕೊಡವಿಕೊಂಡಳು.

“ಅದು ಎಲಿ ಅಡಿಕಿಗೆ ಆತು, ಬಿಡವ್ವ.”